ಯುರೋಪಾ ಯೂನಿವರ್ಸಾಲಿಸ್ 4

ಯುರೋಪಾ ಯೂನಿವರ್ಸಾಲಿಸ್ 4 ಎಂಬುದು ಸ್ವೀಡನ್ನಿನ ಪ್ಯಾರಾಡಾಕ್ಸ್ ಡೆವಲಪ್‌ಮೆಂಟ್ ಸ್ಟುಡಿಯೋ ಅಭಿವೃದ್ಧಿಪಡಿಸಿದ ಚಾರಿತ್ರಿಕ ಕಂಪ್ಯೂಟರ್ ಆಟ. ಇದನ್ನು ಪ್ಯಾರಾಡಾಕ್ಸ್ ಇಂಟರಾಕ್ಟಿವ್ ಸಂಸ್ಥೆಯು 2013ರ ಆಗಸ್ಟ್ 13ರಂದು ಬಿಡುಗಡೆ ಮಾಡಿತು. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಗಣಕಗಳಲ್ಲಿ ಇದನ್ನು ಆಡಬಹುದು. ಒಬ್ಬ ಯೋಧನನ್ನೋ ಒಂದು ಪಡೆಯನ್ನೋ ನಡೆಸದೆ, ಇಡೀ ರಾಜ್ಯದ ಬೊಕ್ಕಸ, ಸೈನ್ಯ, ವ್ಯಾಪಾರ, ಧರ್ಮ ಹಾಗೂ ನೆರೆರಾಜ್ಯಗಳೊಡನೆಯ ಸಂಬಂಧವನ್ನು ಶತಮಾನಗಳ ಕಾಲ ನಿರ್ವಹಿಸಬೇಕಾದ ಇಂತಹ ಆಟಗಳನ್ನು ಗ್ರ್ಯಾಂಡ್ ಸ್ಟ್ರಾಟೆಜಿ ಅಥವಾ ಮಹಾಕಾರ್ಯತಂತ್ರದ ಆಟಗಳೆಂದು ಕರೆಯಲಾಗುತ್ತದೆ. ಆಟದ ಕಾಲಾವಧಿ 1444ರ ನವೆಂಬರ್ 11ರಿಂದ 1821ರ ಜನವರಿ 3ರವರೆಗೆ. ಭೂಪಟದಲ್ಲಿರುವ ಯಾವ ರಾಜ್ಯವನ್ನಾದರೂ ಆಟಗಾರರು ಆರಿಸಿಕೊಳ್ಳಬಹುದು. ಮೈಸೂರು ಅವುಗಳಲ್ಲಿ ಒಂದು. ಆಟದ ನಿಯಮಗಳು ಹೊಸಬರಿಗೆ ಜಟಿಲವೆನಿಸುತ್ತವೆ. ಅವುಗಳಲ್ಲಿ ಬಹುಪಾಲನ್ನು ಮೈಸೂರಿನ ಇತಿಹಾಸದ ಘಟನೆಗಳ ಮೂಲಕ ಅರ್ಥಮಾಡಿಕೊಳ್ಳಲು ಸಾಧ್ಯ.

ಹಿನ್ನೆಲೆ

ಈ ಸರಣಿಯ ಮೂಲ 1993ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದ ಅದೇ ಹೆಸರಿನ ಮಣೆಯಾಟ. ಮೊದಲ ಕಂಪ್ಯೂಟರ್ ಆವೃತ್ತಿ 2000ದಲ್ಲಿ ಬಂದಿತು. ಬಿಡಿಸಲು ವರ್ಷಗಳೇ ಬೇಕಾಗುವ ಆಟಗಳು ಮೈಸೂರಿಗೆ ಹೊಸತೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನು ಬಿಡಿಸಿದ್ದರು, ನೂರಾರು ಎಲೆಗಳ ಗಂಜೀಫಾ ಆಟಗಳನ್ನು ರೂಪಿಸಿದ್ದರು. ಅವರ ಶ್ರೀತತ್ತ್ವನಿಧಿಯ ಒಂದು ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲಾಗಿದೆ.

ಆಟವನ್ನು ಆರಂಭಿಸುವುದು

ಆಟದ ಪರದೆಯು ಪ್ರಾಂತ್ಯಗಳಾಗಿ ವಿಂಗಡಿಸಿದ ಪ್ರಪಂಚದ ಭೂಪಟ. ಕಾಲವು ದಿನದಿಂದ ದಿನಕ್ಕೆ ತಾನಾಗಿ ಸರಿಯುತ್ತದೆ. ಅದರ ವೇಗಕ್ಕೆ ಐದು ಹಂತಗಳಿವೆ. ಸ್ಪೇಸ್ ಕೀಲಿಯನ್ನು ಒತ್ತಿದರೆ ಕಾಲ ನಿಲ್ಲುತ್ತದೆ, ಆದರೆ ಆದೇಶಗಳನ್ನು ನೀಡಲು ಅಡ್ಡಿಯಿರುವುದಿಲ್ಲ. ಹೊಸಬರು ಮೊದಲು ರೂಢಿಸಿಕೊಳ್ಳಬೇಕಾದುದು ಈ ನಿಲುಗಡೆಯನ್ನೇ. ಮೊದಲ ತಿಂಗಳು ಉರುಳುವ ಮುನ್ನ ಆದಾಯ, ಸೈನ್ಯದ ವೆಚ್ಚ, ನೆರೆಯವರ ಮೈತ್ರಿಗಳು ಮತ್ತು ಸಲಹೆಗಾರರ ನೇಮಕ ಇವಿಷ್ಟನ್ನು ನೋಡಿಕೊಂಡರೆ ಆರಂಭದ ಸೋಲುಗಳಲ್ಲಿ ಹಲವು ತಪ್ಪುತ್ತವೆ. ಹಿಂದಿನ ಉಳಿಕೆಗೆ ಮರಳಲು ಅವಕಾಶ ಕೊಡದ ‘ಐರನ್‌ಮ್ಯಾನ್’ ವಿಧಾನವನ್ನು ಕಲಿಕೆಯ ಹಂತದಲ್ಲಿ ಬಳಸದಿರುವುದು ಒಳಿತು. ಆಟಕ್ಕೆ ಹಲವಾರು ವಿಸ್ತರಣೆಗಳನ್ನು ಪ್ರತ್ಯೇಕವಾಗಿ ಮಾರಲಾಗುತ್ತದೆ. ಕಲಿಯಲು ಅವೆಲ್ಲವೂ ಬೇಕಿಲ್ಲ. ಆಟವು ಇಂಗ್ಲಿಷ್, ಫ್ರೆಂಚ್, ಜರ್ಮನ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿದೆ, ಕನ್ನಡದಲ್ಲಿಲ್ಲ.

ರಾಜ್ಯದ ಆಯ್ಕೆಯೇ ಆಟದ ಕಷ್ಟವನ್ನು ನಿರ್ಧರಿಸುತ್ತದೆ. 1444ರಲ್ಲಿ ವಿಜಯನಗರವನ್ನು ಇಮ್ಮಡಿ ದೇವರಾಯ ಆಳುತ್ತಿದ್ದ. ಮೈಸೂರಿನ ಒಡೆಯರು ಆ ಸಾಮ್ರಾಜ್ಯದ ಅಧೀನದಲ್ಲಿದ್ದ ಚಿಕ್ಕ ಪಾಳೆಯಗಾರರು. ಆದ್ದರಿಂದ ದಕ್ಷಿಣ ಭಾರತದಲ್ಲಿ ಮೊದಲ ಆಟ ಆಡುವವರಿಗೆ ವಿಶಾಲ ಪ್ರದೇಶವೂ ಬಹಮನಿಯಂತಹ ಸ್ಪಷ್ಟ ಎದುರಾಳಿಯೂ ಇರುವ ವಿಜಯನಗರವೇ ಸೂಕ್ತ. ಮೈಸೂರನ್ನು ಪ್ರಬಲ ಶಕ್ತಿಯಾಗಿ ಆಡಬಯಸುವವರು ಆರಂಭದ ಪರದೆಯಲ್ಲಿ ದಿನಾಂಕವನ್ನು 18ನೆಯ ಶತಮಾನಕ್ಕೆ ಬದಲಾಯಿಸಬಹುದು.

ಆಳ್ವಿಕೆಯ ಅಂಕಗಳು

ಹಣ ಮತ್ತು ಸೈನಿಕರಿಗಿಂತಲೂ ಈ ಆಟದಲ್ಲಿ ವಿರಳವಾದುದು ಆಡಳಿತ, ರಾಜತಂತ್ರ ಹಾಗೂ ಸೈನ್ಯ ಎಂಬ ಮೂರು ಬಗೆಯ ಅಂಕಗಳು. ಅರಸನಿಗೆ ಪ್ರತಿಯೊಂದರಲ್ಲೂ 0ಯಿಂದ 6ರವರೆಗೆ ಸಾಮರ್ಥ್ಯವಿರುತ್ತದೆ. ತಿಂಗಳಿಗೆ ಮೂಲತಃ ದೊರೆಯುವ 3 ಅಂಕಗಳಿಗೆ ಅರಸನ ಸಾಮರ್ಥ್ಯವೂ ಸಂಬಳದ ಸಲಹೆಗಾರರ ಕೊಡುಗೆಯೂ ಸೇರುತ್ತವೆ. ತಂತ್ರಜ್ಞಾನ, ಪ್ರಾಂತ್ಯಗಳ ಅಭಿವೃದ್ಧಿ, ರಾಜ್ಯದ ಸ್ಥಿರತೆ ಎಲ್ಲವೂ ಈ ಅಂಕಗಳಿಂದಲೇ ನಡೆಯಬೇಕು. ಗೆದ್ದ ಪ್ರಾಂತ್ಯವು ಒಡನೆಯೇ ರಾಜ್ಯದ ಅಂಗವಾಗುವುದಿಲ್ಲ. ಆಡಳಿತದ ಅಂಕಗಳನ್ನು ವ್ಯಯಿಸಿ, ಕೆಲವು ವರ್ಷ ಕಾದು ಅದನ್ನು ಅಂಗೀಕೃತ ನೆಲವನ್ನಾಗಿಸಬೇಕು. ಹೀಗೆ ಅರಗದ ನೆಲದ ಪ್ರಮಾಣ ನೂರು ಪ್ರತಿಶತವನ್ನು ಮೀರಿದರೆ ರಾಜ್ಯದ ಎಲ್ಲೆಡೆ ದಂಗೆಗಳು ತಲೆಯೆತ್ತುತ್ತವೆ.

ಈ ನಿಯಮಕ್ಕೆ ಹತ್ತಿರದ ನಿದರ್ಶನ ಚಿಕ್ಕದೇವರಾಜ ಒಡೆಯರ ಆಳ್ವಿಕೆ (1673–1704). ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಬೆಳೆಯುತ್ತ ಬಂದ ರಾಜ್ಯವನ್ನು ಚಿಕ್ಕದೇವರಾಜರು ‘ಅಠಾರಾ ಕಚೇರಿ’ ಎಂಬ ಹದಿನೆಂಟು ಇಲಾಖೆಗಳ ಆಡಳಿತಕ್ಕೆ ಒಳಪಡಿಸಿದರು. ಬೆಂಗಳೂರನ್ನು ಅವರು ಯುದ್ಧದಿಂದಲ್ಲ, ಮೊಗಲರಿಗೆ ಮೂರು ಲಕ್ಷ ರೂಪಾಯಿ ತೆತ್ತು ಪಡೆದರು. ಆಟದಲ್ಲಿ ಬಹುಕಾಲ ಬಾಳುವ ರಾಜ್ಯಗಳು ಇಂತಹವೇ. ಕೇವಲ ದಂಡಯಾತ್ರೆಗಳಲ್ಲಿ ತೊಡಗಿದ ಹೊಸ ಆಟಗಾರರು ಸಾಮಾನ್ಯವಾಗಿ ಅಂಕಗಳು ಬರಿದಾದಾಗಲಷ್ಟೇ ಇದನ್ನು ಗಮನಿಸುತ್ತಾರೆ.

ಉತ್ತರಾಧಿಕಾರಿಯು 15 ವರ್ಷ ತುಂಬದವನಾಗಿದ್ದರೆ ಆಡಳಿತವು ರಾಜಪ್ರತಿನಿಧಿಗಳ ಕೈಗೆ ಹೋಗುತ್ತದೆ. ಆ ಅವಧಿಯಲ್ಲಿ ಸಾಮಾನ್ಯವಾಗಿ ಯುದ್ಧ ಸಾರುವಂತಿಲ್ಲ. 1799ರಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜರು ಪಟ್ಟಕ್ಕೆ ಬಂದಾಗ ದಿವಾನ್ ಪೂರ್ಣಯ್ಯ ರಾಜ್ಯಭಾರ ನಡೆಸಿದುದು ಇದೇ ಬಗೆಯ ಸ್ಥಿತಿ.

ಯುದ್ಧ ಮತ್ತು ಒಕ್ಕೂಟಗಳು

ಯುದ್ಧ ಹೂಡಲು ಒಂದು ಸಮ್ಮತ ಕಾರಣ ಬೇಕು. ಕಾರಣವಿಲ್ಲದೆ ಯುದ್ಧ ಸಾರಿದರೆ ರಾಜ್ಯದ ಸ್ಥಿರತೆ ಕುಸಿಯುತ್ತದೆ. ಗೆಲುವಿಗೂ ಬೆಲೆಯಿದೆ: ನೆಲವನ್ನು ಕಸಿದುಕೊಂಡಂತೆಲ್ಲ ನೆರೆಯವರಲ್ಲಿ ಭೀತಿ ಬೆಳೆದು, ಒಂದು ಮಿತಿಯನ್ನು ದಾಟಿದ ಮೇಲೆ ಅವರು ಒಟ್ಟಾಗಿ ದಾಳಿಮಾಡುವ ಒಕ್ಕೂಟ ಕಟ್ಟಿಕೊಳ್ಳುತ್ತಾರೆ. ಪ್ರತಿಯೊಬ್ಬ ನೆರೆಯವನೂ ಒಂಟಿಯಾಗಿ ದುರ್ಬಲನೆಂದು ಎಣಿಸಿದ ಆಟಗಾರನು ಬಹುಮಟ್ಟಿಗೆ ಇಲ್ಲಿಯೇ ಸೋಲುವುದು.

ಮೂರನೆಯ ಆಂಗ್ಲೋ-ಮೈಸೂರು ಯುದ್ಧವು ಇದಕ್ಕೆ ಪಠ್ಯದಂತಿದೆ. 1789ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನನು ತಿರುವಾಂಕೂರಿನ ರಕ್ಷಣಾ ಸಾಲಿನ ಮೇಲೆ ದಾಳಿ ಮಾಡಿದನು. ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿ, ಮರಾಠರು ಮತ್ತು ಹೈದರಾಬಾದಿನ ನಿಜಾಮ ಒಂದಾದರು. ಈ ಮೂವರಲ್ಲಿ ಪರಸ್ಪರ ನಂಬಿಕೆಯಿರಲಿಲ್ಲ. ಮೈಸೂರಿನ ಭಯವೊಂದೇ ಅವರನ್ನು ಕೂಡಿಸಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರು ರಾಜ್ಯದ ಅರ್ಧದಷ್ಟನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ಟಿಪ್ಪುವಿನ ಇಬ್ಬರು ಪುತ್ರರನ್ನು ಒತ್ತೆಯಾಗಿ ಒಪ್ಪಿಸಲಾಯಿತು. ಆಟದಲ್ಲಿ ಮೈಸೂರನ್ನು ಆಡುವವರು ಈ ಮೂವರಲ್ಲಿ ಒಬ್ಬರನ್ನಾದರೂ ಮಿತ್ರನನ್ನಾಗಿ ಉಳಿಸಿಕೊಳ್ಳುವುದು ಸೈನ್ಯವನ್ನು ಇಮ್ಮಡಿಗೊಳಿಸುವುದಕ್ಕಿಂತ ಉಪಯುಕ್ತ.

ಪ್ರತಿ ಪ್ರಾಂತ್ಯಕ್ಕೂ ಅದು ಪೋಷಿಸಬಲ್ಲ ಸೈನಿಕರ ಮಿತಿಯಿದೆ. ಅದನ್ನು ಮೀರಿದ ಸೈನ್ಯವು ಕಾಳಗವಿಲ್ಲದೆಯೇ ಸವೆಯುತ್ತದೆ. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಗೆದ್ದ ಕಾರ್ನ್‌ವಾಲಿಸ್, ಆಹಾರವೂ ಎತ್ತುಗಳೂ ಇಲ್ಲದಂತಾಗಿ ತನ್ನ ಮುತ್ತಿಗೆ ಫಿರಂಗಿಗಳನ್ನು ತಾನೇ ನಾಶಪಡಿಸಿ ಬೆಂಗಳೂರಿಗೆ ಹಿಂದಿರುಗಿದನು. ಅವನು ಶ್ರೀರಂಗಪಟ್ಟಣಕ್ಕೆ ಮತ್ತೆ ಬಂದದ್ದು 1792ರ ಫೆಬ್ರವರಿಯಲ್ಲಿ. ದೊಡ್ಡ ಸೈನ್ಯವನ್ನು ಒಂದೇ ಪ್ರಾಂತ್ಯದಲ್ಲಿ ಕೂಡಿಹಾಕದೆ, ಮುತ್ತಿಗೆಗೆ ಬೇಕಾದಷ್ಟನ್ನು ಮಾತ್ರ ಕೋಟೆಯ ಬಳಿ ಇರಿಸಿ ಉಳಿದುದನ್ನು ನೆರೆಯ ಪ್ರಾಂತ್ಯಗಳಲ್ಲಿ ಹಂಚಿಡುವುದು ಆಟದಲ್ಲಿನ ವಾಡಿಕೆ.

ಟೀಕೆ

ಹೆಸರೇ ಸೂಚಿಸುವಂತೆ ಆಟದ ದೃಷ್ಟಿ ಯುರೋಪಿನದು. ಆರಂಭದ ಆವೃತ್ತಿಗಳಲ್ಲಿ ರಾಜ್ಯಗಳನ್ನು ತಂತ್ರಜ್ಞಾನದ ಗುಂಪುಗಳಾಗಿ ವಿಂಗಡಿಸಲಾಗಿತ್ತು. ಭಾರತೀಯ ರಾಜ್ಯಗಳು ಅದೇ ತಂತ್ರಜ್ಞಾನಕ್ಕೆ ಯುರೋಪಿನವರಿಗಿಂತ ಹೆಚ್ಚು ಅಂಕ ತೆರಬೇಕಾಗಿದ್ದು, ಅದರಿಂದ ಪಾರಾಗಲು ‘ಪಾಶ್ಚಾತ್ಯೀಕರಣ’ವೇ ದಾರಿಯಾಗಿತ್ತು. ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಬ್ರಿಟಿಷರ ವಿರುದ್ಧ ಬಳಸಿ, ಇಂಗ್ಲೆಂಡಿನಲ್ಲಿ ಕಾಂಗ್ರೀವ್ ರಾಕೆಟ್‌ಗೆ ಪ್ರೇರಣೆಯಾದ ಮೈಸೂರಿನ ಮಟ್ಟಿಗೆ ಈ ನಿಯಮ ಒಪ್ಪುವಂತಹುದಾಗಿರಲಿಲ್ಲ. 2016ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು, ಮುದ್ರಣಯಂತ್ರ, ಜಾಗತಿಕ ವ್ಯಾಪಾರ ಮೊದಲಾದ ‘ಸಂಸ್ಥೆಗಳು’ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹರಡುವ ವ್ಯವಸ್ಥೆಯನ್ನು ತರಲಾಯಿತು. ಪ್ರಾಂತ್ಯವೊಂದನ್ನು ಸಾಕಷ್ಟು ಅಭಿವೃದ್ಧಿಪಡಿಸಿದ ಭಾರತೀಯ ರಾಜ್ಯವು ಈಗ ಅವನ್ನು ತನ್ನ ನೆಲದಲ್ಲೇ ನೆಲೆಗೊಳಿಸಿಕೊಳ್ಳಬಲ್ಲದು. 2018ರ ಸೆಪ್ಟೆಂಬರಿನ ‘ಧರ್ಮ’ ವಿಸ್ತರಣೆಯ ಜೊತೆಗೆ ಭಾರತದ ಭೂಪಟವೂ ಪರಿಷ್ಕೃತವಾಯಿತು.

ವ್ಯಾಪಾರದ ವಿಷಯದಲ್ಲಿ ಮಾತ್ರ ಹಳೆಯ ವಾಲಿಕೆ ಉಳಿದಿದೆ. ಸರಕಿನ ಮೌಲ್ಯವು ನಿಗದಿತ ದಿಕ್ಕಿನಲ್ಲಿ ಮಾತ್ರ ಹರಿದು ಇಂಗ್ಲಿಷ್ ಕಾಲುವೆ, ಜಿನೋವಾ ಮತ್ತು ವೆನಿಸ್‌ಗಳಲ್ಲಿ ಕೊನೆಗೊಳ್ಳುತ್ತದೆ. ಭಾರತದ ಇಡೀ ಕರಾವಳಿಯನ್ನು ಗೆದ್ದವರೂ ಆ ಹರಿವನ್ನು ತಿರುಗಿಸಲಾರರು, ದಾರಿಯಲ್ಲಿ ತಮ್ಮ ಪಾಲನ್ನು ತಡೆದು ತೆಗೆದುಕೊಳ್ಳಬಹುದಷ್ಟೆ.

ಮುಂದಿನ ಆವೃತ್ತಿ

ಸರಣಿಯ ಐದನೆಯ ಆಟವು 2025ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ಅದು 1337ರಿಂದ ಆರಂಭವಾಗುತ್ತದೆ. ಆ ವರ್ಷ ಹೊಯ್ಸಳರ ಮೂರನೆಯ ಬಲ್ಲಾಳ ಇನ್ನೂ ಆಳುತ್ತಿದ್ದ. ಮೈಸೂರಿನಲ್ಲಿ ಒಡೆಯರ ವಂಶ ನೆಲೆಗೊಂಡಿತೆಂದು ಪರಂಪರೆಯು ಹೇಳುವ 1399ಕ್ಕೆ ಇನ್ನೂ 62 ವರ್ಷಗಳಿದ್ದವು.