ಅಪ್‌ಡೇಟ್ ಆದ ಮೇಲೆ ಫೋನಿಗೇಕೆ ಜ್ವರ?

"ನಿನ್ನೆ ಅಪ್‌ಡೇಟ್ ಹಾಕಿದೆ, ಇವತ್ತು ಕೈ ಸುಡ್ತಾ ಇದೆ, ಮಧ್ಯಾಹ್ನಕ್ಕೇ ಚಾರ್ಜು ಖಾಲಿ." ಮೊಬೈಲು ರಿಪೇರಿ ಮಾಡುವ ಯಾರಿಗೂ ಈ ದೂರು ಹೊಸದಲ್ಲ. ಲಿಂಗರಾಜಪುರದಂಥ ಬಡಾವಣೆಯಲ್ಲಿ ಇದನ್ನು ಕನ್ನಡ, ತಮಿಳು, ಉರ್ದು ಮೂರರಲ್ಲೂ ಕೇಳಬಹುದು. ದೂರಿನ ಹಿಂದೆಯೇ ಬರುವ ಪ್ರಶ್ನೆ, ಬ್ಯಾಟರಿ ಬದಲಿಸಬೇಕೆ ಎಂಬುದು. ಎಷ್ಟೋ ಸಲ ಬ್ಯಾಟರಿ ಕೆಟ್ಟಿರುವುದೇ ಇಲ್ಲ. ಅಪ್‌ಡೇಟ್ ಇನ್ನೂ ಮುಗಿದಿರುವುದಿಲ್ಲ, ಅಷ್ಟೆ.

ಫೋನು ಒಮ್ಮೆ ಆರಿ, ಮತ್ತೆ ಹೊತ್ತಿಕೊಂಡು, ಹೊಸ ಬಣ್ಣದ ಪರದೆ ತೋರಿಸಿದೊಡನೆ ಕೆಲಸ ಆಯಿತೆಂದು ನಾವು ತಿಳಿಯುತ್ತೇವೆ. ಮನೆ ಬದಲಾಯಿಸಿದ ದಿನ ಸಾಮಾನಿನ ಲಾರಿ ಹಿಂದಿರುಗಿದ ಹೊತ್ತು ಅದು. ಗಂಟು ಬಿಚ್ಚುವ ಕೆಲಸ ಆಮೇಲಿನದು.

ಗಂಟುಗಳಲ್ಲಿ ದೊಡ್ಡದು ಅನುವಾದದ್ದು. ಆಂಡ್ರಾಯ್ಡ್ ಫೋನಿಗೆ ನಾವು ಇಳಿಸಿಕೊಳ್ಳುವ ಆ್ಯಪ್ ಬಹುಮಟ್ಟಿಗೆ ಒಂದು ನಡುಭಾಷೆಯಲ್ಲಿರುತ್ತದೆ. ಪ್ರೊಸೆಸರ್‌ಗೆ ಅರ್ಥವಾಗುವುದು ಅದರದೇ ಯಂತ್ರಭಾಷೆ ಮಾತ್ರ. ಒಂದರಿಂದ ಇನ್ನೊಂದಕ್ಕೆ ತರುವವರು ಯಾರು? 1809ರಲ್ಲಿ ಬೆಂಗಳೂರು ದಂಡು ನೆಲೆಗೊಂಡ ಕಾಲದ ದುಭಾಷಿಯನ್ನು ನೆನೆಯಿರಿ. ದೊರೆ ಆಡಿದ್ದನ್ನು ಅಲ್ಲೇ ನಿಂತು ವ್ಯಾಪಾರಿಗೆ ತಿಳಿಸಬೇಕು, ವ್ಯಾಪಾರಿಯ ಉತ್ತರವನ್ನು ದೊರೆಗೆ. ಮರುದಿನ ಅದೇ ಮಾತು ಬಂದರೆ ಮತ್ತೆ ಅದೇ ದುಡಿಮೆ. ಬರೆದಿಟ್ಟ ಅನುವಾದವಾದರೆ ಒಮ್ಮೆ ಕಷ್ಟಪಟ್ಟರೆ ಸಾಕು, ಬೇಕಾದಾಗ ತೆಗೆದು ಓದಬಹುದು.

ಆಂಡ್ರಾಯ್ಡ್ ಈ ಎರಡು ದಾರಿಗಳ ನಡುವೆ ಓಲಾಡಿದ ಕಥೆ ಸ್ವಾರಸ್ಯವಾಗಿದೆ. ಅದರ ಮೊದಲ ಅನುವಾದಕನ ಹೆಸರು ಡಾಲ್ವಿಕ್. ರೂಪಿಸಿದ ಡ್ಯಾನ್ ಬಾರ್ನ್‌ಸ್ಟೈನ್ ಐಸ್‌ಲೆಂಡಿನ ಒಂದು ಮೀನುಗಾರರ ಊರಿನ ಹೆಸರನ್ನೇ ಅದಕ್ಕಿಟ್ಟರು. ಅದು ದುಭಾಷಿಯ ಜಾತಿ. 2014ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಡಾಲ್ವಿಕ್ ಜಾಗಕ್ಕೆ ಎಆರ್‌ಟಿ ಎಂಬ ಹೊಸ ವ್ಯವಸ್ಥೆ ಬಂತು. ಅದು ಆ್ಯಪ್ ಹಾಕಿಕೊಂಡಾಗಲೇ ಪೂರ್ತಿ ಅನುವಾದ ಬರೆದಿಡುತ್ತಿತ್ತು. ಆದರೆ ಪ್ರತಿ ದೊಡ್ಡ ಅಪ್‌ಡೇಟ್‌ಗೂ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಇಷ್ಟರಲ್ಲಿ ಇಷ್ಟು ಆ್ಯಪ್ ಸಿದ್ಧವಾಯಿತು ಎಂಬ ಲೆಕ್ಕ ಪರದೆಯ ಮೇಲೆ ನಿಧಾನವಾಗಿ ಏರುವುದನ್ನು ನೋಡುತ್ತ ಕೂತ ನೆನಪು ಅನೇಕರಿಗೆ ಇರಬಹುದು.

ಹಳೆಯ ಅನುವಾದವನ್ನೇ ಏಕೆ ಉಳಿಸಿಕೊಳ್ಳಬಾರದು? ರಸೆಲ್ ಮಾರ್ಕೆಟ್ಟಿನಲ್ಲಿ "ಮೂರನೆಯ ಸಾಲು, ಐದನೆಯ ಅಂಗಡಿ" ಎಂದು ಚೀಟಿ ಬರೆದುಕೊಂಡಿದ್ದೀರಿ ಎನ್ನೋಣ. ಒಳಗಿನ ಅಂಗಡಿಗಳನ್ನೆಲ್ಲ ಬೇರೆ ರೀತಿ ಜೋಡಿಸಿದ ಮೇಲೆ ಆ ಚೀಟಿ ಹಿಡಿದು ಹೋದರೆ ಹಣ್ಣಿನ ಬದಲು ಮೀನು ಸಿಕ್ಕೀತು. ಆ್ಯಪಿನ ಅನುವಾದದಲ್ಲಿಯೂ ಫೋನಿನ ಮೂಲ ವ್ಯವಸ್ಥೆಯ ಒಳಗಿನ ಇಂಥ ವಿಳಾಸಗಳೇ ತುಂಬಿರುತ್ತವೆ.

2016ರಲ್ಲಿ ಏಳನೆಯ ಆವೃತ್ತಿ ನಡುದಾರಿ ಹಿಡಿಯಿತು. ಅಪ್‌ಡೇಟ್ ಆದೊಡನೆ ಫೋನು ತೆರೆದುಕೊಳ್ಳುತ್ತದೆ. ಆರಂಭದಲ್ಲಿ ದುಭಾಷಿಯ ಕೈಯಲ್ಲೇ ಕೆಲಸ. ಯಾವ ಆ್ಯಪಿನ ಯಾವ ಭಾಗ ಪದೇ ಪದೇ ಬೇಕಾಗುತ್ತದೆ ಎಂದು ಗುರುತು ಹಾಕಿಕೊಂಡು, ಅಷ್ಟನ್ನು ಬಿಡುವಿನಲ್ಲಿ ಬರೆದಿಡುವುದು. ಕಾಯುವ ಕಾಟ ತಪ್ಪಿತು, ನಿಜ. ದುಡಿಮೆ ತಪ್ಪಲಿಲ್ಲ, ಕಣ್ಣಿನಿಂದ ಮರೆಯಾಯಿತು. ಕಾಣದ ಕೆಲಸಕ್ಕೆ ಅನುಮಾನ ಜಾಸ್ತಿ.

ಐಫೋನಿನಲ್ಲಿ ಗಂಟುಗಳು ಬೇರೆ. ಅಲ್ಲಿ ಮುಖ್ಯವಾದದ್ದು ಹುಡುಕುವ ಸೂಚಿಯನ್ನು ಮತ್ತೆ ಕಟ್ಟುವುದು: ಸಂದೇಶ, ಕಡತ, ಟಿಪ್ಪಣಿ ಎಲ್ಲಕ್ಕೂ. ಸೂಚಿ ಕಟ್ಟುವುದು ಎಂಥ ಕೆಲಸವೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು 1995ರಲ್ಲಿ ಪೂರ್ಣವಾಗುವ ಹೊತ್ತಿಗೆ, ಕಾವ್ಯ ಶಾಸನಗಳಿಂದ ಪದಗಳನ್ನು ಚೀಟಿಗಿಳಿಸಿ ಜೋಡಿಸುವುದರಲ್ಲೇ ದಶಕಗಳು ಸಂದಿದ್ದವು. ಫೋನಿಗೆ ಕೆಲವು ದಿನ ಸಾಕು. 2016ರ ಐಓಎಸ್ 10ರಿಂದೀಚೆಗೆ ಫೋಟೊಗಳಲ್ಲಿರುವ ಮುಖಗಳನ್ನೂ ವಸ್ತುಗಳನ್ನೂ ಫೋನು ತಾನೇ ಗುರುತಿಸುತ್ತದೆ. ಮದುವೆ, ನಾಮಕರಣಗಳ ಸಾವಿರಾರು ಚಿತ್ರ ತುಂಬಿಕೊಂಡವರ ಫೋನಿಗೆ ಇದೇ ಭಾರ. 2025ರಲ್ಲಿ ಐಓಎಸ್ 26 ಬಿಡುಗಡೆಯಾದಾಗ, ದೊಡ್ಡ ಅಪ್‌ಡೇಟ್ ಆದ ಕೂಡಲೇ ಬ್ಯಾಟರಿ ಬೇಗ ಇಳಿಯುವುದೂ ಫೋನು ಬಿಸಿಯಾಗುವುದೂ ತಾತ್ಕಾಲಿಕವೆಂದು ಆ್ಯಪಲ್ ಕಂಪನಿ ತಾನಾಗಿಯೇ ವಿವರಣೆ ಕೊಟ್ಟಿತು.

ಈಗ ಅಸಲು ತೊಡಕಿಗೆ ಬರೋಣ. ಈ ಕೆಲಸಕ್ಕೆ ಆಂಡ್ರಾಯ್ಡ್ ಆರಿಸಿಕೊಂಡಿರುವ ಬಿಡುವು ಯಾವುದು? ಫೋನು ಚಾರ್ಜಿಗೆ ಹಾಕಿರಬೇಕು, ಪರದೆ ಆರಿರಬೇಕು, ಅರ್ಧ ಗಂಟೆಗೂ ಮೀರಿ ಯಾರೂ ಅದನ್ನು ಮುಟ್ಟಿರಬಾರದು. ಆ್ಯಪುಗಳ ಹೊಸ ಆವೃತ್ತಿಗಳನ್ನು ತಾನಾಗಿ ಇಳಿಸಿಕೊಳ್ಳುವುದು ಸಾಮಾನ್ಯವಾಗಿ ವೈಫೈಗೂ ಕಾಯುತ್ತದೆ. ಅಂದರೆ ಫೋನಿನ ಒಡೆಯ ರಾತ್ರಿ ಹತ್ತಕ್ಕೆ ಮಲಗಿ, ತಲೆದೆಸೆಯ ಪ್ಲಗ್ಗಿಗೆ ಫೋನು ಸಿಕ್ಕಿಸಿ, ಬೆಳಗ್ಗೆ ಆರಕ್ಕೆ ಏಳುವವನೆಂದು ಎಣಿಸಿ ಮಾಡಿದ ಏರ್ಪಾಡು.

ಹೆಣ್ಣೂರು ರಸ್ತೆಯ ಆಟೊ ಚಾಲಕನ ಫೋನು ದಿನವಿಡೀ ಚಾರ್ಜಿನಲ್ಲಿದ್ದರೂ ಪರದೆಯಲ್ಲಿ ನಕ್ಷೆ ಉರಿಯುತ್ತಿರುತ್ತದೆ, ಅದು ಬಿಡುವಲ್ಲ. ಊಟ ತಲುಪಿಸುವ ಹುಡುಗರು ಮೂವರು ಸೇರಿ ಹಿಡಿದ ಬಾಡಿಗೆ ಕೋಣೆಯಲ್ಲಿ ಒಂದೇ ಪ್ಲಗ್ ಇದ್ದರೆ ಸರದಿಯ ಮೇಲೆ ಗಂಟೆ ಹೊತ್ತು ಚಾರ್ಜು. ಎರಡು ರಾತ್ರಿಯಲ್ಲಿ ಮುಗಿಯುವ ಕೆಲಸ ಇವರಲ್ಲಿ ಎಳೆಯುತ್ತಲೇ ಇರುತ್ತದೆ. ಅಲ್ಲಿಯವರೆಗೆ ದುಭಾಷಿಯೇ ಗತಿ. ಆ್ಯಪುಗಳು ತಡವರಿಸುತ್ತವೆ, ಬ್ಯಾಟರಿ ಇಳಿಯುತ್ತದೆ. ಫೋನಿನಿಂದಲೇ ದಿನದ ಸಂಪಾದನೆ ನಡೆಸುವವರಿಗೇ ಈ ಹೊರೆ ಹೆಚ್ಚು ಕಾಲ ಬೀಳುವುದು ವಿಪರ್ಯಾಸ. ಅವರು ಮಾಡಬಹುದಾದದ್ದು ಸರಳ: ಅಪ್‌ಡೇಟನ್ನು ರಜೆಯ ಹಿಂದಿನ ರಾತ್ರಿಗೆ ಇಟ್ಟುಕೊಳ್ಳುವುದು, ಆ ರಾತ್ರಿ ಇಡೀ ಫೋನನ್ನು ಚಾರ್ಜಿಗೆ ಹಾಕಿ ಮುಟ್ಟದಿರುವುದು.

ಹಾಗೆಂದು ಜನರ ಗುಮಾನಿ ಪೂರಾ ಹುಸಿಯೆನ್ನುವಂತಿಲ್ಲ. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿ, ಗ್ರಾಹಕರ ಕ್ಷಮೆ ಕೇಳಿ, ಹೊಸ ಬ್ಯಾಟರಿಯ ಬೆಲೆ ಇಳಿಸಬೇಕಾಯಿತು. ನಿಜವಾಗಿ ಸವೆದ ಬ್ಯಾಟರಿಯೂ ಇಂಥ ಹೊರೆ ಬಿದ್ದಾಗಲೇ ತನ್ನ ಬಣ್ಣ ತೋರುತ್ತದೆ. ಒಂದು ವಾರ ಸರಿಯಾದ ಬಿಡುವು ಕೊಟ್ಟ ಮೇಲೂ ಜ್ವರ ಇಳಿಯದಿದ್ದರೆ ಅಂಗಡಿಗೆ ಒಯ್ಯಬಹುದು.

ಅದಕ್ಕೂ ಮುನ್ನ, "ಎಲ್ಲ ಅಳಿಸಿ ರೀಸೆಟ್ ಮಾಡಿ" ಎಂದು ಯಾರಾದರೂ ಸಲಹೆ ಕೊಟ್ಟರೆ ಸ್ವಲ್ಪ ತಡೆಯಿರಿ. ರೀಸೆಟ್ ಮಾಡಿದ ಫೋನು ಆ್ಯಪುಗಳನ್ನೂ ಫೋಟೊಗಳನ್ನೂ ಮತ್ತೆ ಇಳಿಸಿಕೊಂಡು, ಅನುವಾದವನ್ನೂ ಸೂಚಿಯನ್ನೂ ಮೊದಲ ಅಕ್ಷರದಿಂದ ಆರಂಭಿಸುತ್ತದೆ.