ಅಡುಂಬು ಬಳ್ಳಿ: ಹೆಸರು, ನೆಲೆ ಮತ್ತು ಹಿತ್ತಿಲ ಕೃಷಿ

ಕರಾವಳಿಯ ಜನಪದ ಸಸ್ಯಜ್ಞಾನವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮದ್ದಿನ ಗಿಡಗಳನ್ನೂ ಆರಾಧನೆಯ ಮರಗಳನ್ನೂ ಕೇಂದ್ರೀಕರಿಸಿವೆ. ಹೊಯಿಗೆಯ ಮೇಲೆ ಹರಡಿ, ಯಾರೂ ನೀರೆರೆಯದೆಯೇ ನೇರಳೆಮಿಶ್ರಿತ ಗುಲಾಬಿ ಬಣ್ಣದ ಹೂ ಬಿಡುವ ಅಡುಂಬು ಬಳ್ಳಿಯ ಕಡೆಗೆ ವಿದ್ವಾಂಸರ ಗಮನ ಹರಿದದ್ದು ಕಡಿಮೆ. ಆದರೆ ಇದರ ಹೆಸರಿನ ಚರಿತ್ರೆಯೇ ಒಂದು ಸ್ವತಂತ್ರ ಅಧ್ಯಯನಕ್ಕೆ ಅರ್ಹವಾಗಿದೆ.

ಕನ್ನಡದ ಅಡುಂಬು, ತಮಿಳಿನ ಅಡುಂಬು, ಮಲಯಾಳದ ಅಡಂಬು ಇವು ಒಂದೇ ಮೂಲದ ರೂಪಗಳು. ಸಂಗಂ ಸಾಹಿತ್ಯದ ನೆಯ್ದಲ್ ಎಂಬ ಕಡಲತೀರದ ತಿಣೆಯಲ್ಲಿ ಈ ಬಳ್ಳಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕುಱುಂದೊಗೈ ಸಂಕಲನದಲ್ಲಿ ಇದರ ಸೀಳಿದ ಎಲೆಗೆ ಜಿಂಕೆಯ ಗೊರಸಿನ ಹೋಲಿಕೆಯಿದೆ. ಡಚ್ಚರ ಕಾಲದಲ್ಲಿ ಕೊಚ್ಚಿಯಲ್ಲಿ ಸಿದ್ಧವಾದ 'ಹೊರ್ತುಸ್ ಮಲಬಾರಿಕುಸ್' ಗ್ರಂಥದ 11ನೆಯ ಸಂಪುಟ (1692) ಇದನ್ನು ಮಲಯಾಳದ 'ಚುವನ್ನ ಅಡಂಬು' ಎಂಬ ಹೆಸರಿನಿಂದಲೇ ದಾಖಲಿಸಿತು. 1753ರಲ್ಲಿ ಲಿನೇಯಸನು ಇದಕ್ಕೆ ಲ್ಯಾಟಿನ್ ಹೆಸರಿಡುವಾಗ ಆ ಚಿತ್ರವನ್ನು ಆಧರಿಸಿದನು. ಇಂದಿನ ಹೆಸರು ಐಪೋಮಿಯ ಪೆಸ್-ಕ್ಯಾಪ್ರೆ. ಪೆಸ್-ಕ್ಯಾಪ್ರೆ ಎಂದರೆ ಆಡಿನ ಪಾದ. ತಮಿಳು ಕವಿಗೆ ಜಿಂಕೆ, ಸ್ವೀಡನ್ನಿನ ವಿಜ್ಞಾನಿಗೆ ಆಡು. ಕಂಡದ್ದು ಮಾತ್ರ ಗೊರಸೇ. ಮರಾಠಿಯಲ್ಲಿ ಇದು 'ಮರ್ಯಾದವೇಲ್'. ಮರ್ಯಾದೆ ಎಂದರೆ ಇಲ್ಲಿ ಎಲ್ಲೆ: ಕಡಲು ಎಲ್ಲಿಗೆ ನಿಲ್ಲಬೇಕೆಂಬುದನ್ನು ತೋರಿಸುವ ಬಳ್ಳಿ. ನನ್ನ ದೃಷ್ಟಿಯಲ್ಲಿ ಎಲ್ಲ ಹೆಸರುಗಳಲ್ಲಿಯೂ ಹೆಚ್ಚು ಅರ್ಥಪೂರ್ಣವಾದುದು ಇದೇ.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಬರವನ್ನು ತಾಳುವ ಸಸ್ಯವೇ ಎಂದು ಓದುಗರು ಆಶ್ಚರ್ಯಪಡಬಹುದು. ಹೊಯಿಗೆ ನೀರನ್ನು ಹಿಡಿದಿಡುವುದಿಲ್ಲ. ಮಳೆ ನಿಂತ ಬಳಿಕ ಬೇಸಗೆಯ ಕೊನೆಯವರೆಗೆ ಅಲ್ಲಿನ ಮೇಲ್ಪದರ ಮರುಭೂಮಿಗೆ ಸಮಾನ. ಆಳಕ್ಕಿಳಿದ ತಾಯಿಬೇರು, ದಪ್ಪನೆಯ ಎಲೆ, ಗೆಣ್ಣುಗೆಣ್ಣಿಗೂ ಬೇರೂರುವ ಕಾಂಡ ಇವುಗಳಿಂದ ಅಡುಂಬು ಅಲ್ಲಿ ಬಾಳುತ್ತದೆ. ಗಾಳಿ ತಂದ ಮರಳು ಬಳ್ಳಿಯನ್ನು ಮುಚ್ಚಿದರೆ ಅದು ಮೇಲಕ್ಕೆ ಬಂದು ಪುನಃ ಹಬ್ಬುತ್ತದೆ. ಮರಳದಿಬ್ಬ ಕಟ್ಟಿಕೊಳ್ಳುವುದು ಹೀಗೆ. ಬೀಜವೂ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ತೇಲಿ, ಬೇರೊಂದು ತೀರದಲ್ಲಿ ಮೊಳೆಯಬಲ್ಲದು.

ಹಿತ್ತಿಲಲ್ಲಿ ಬೆಳೆಸುವವರು ಮೊದಲು ತ್ಯಜಿಸಬೇಕಾದುದು ಗೊಬ್ಬರದ ಆಸೆ. ಸುಡುಮಣ್ಣು, ಸೆಗಣಿ ಹಾಕಿದರೆ ಎಲೆ ಸೊಂಪಾದೀತು, ಹೂ ಕಡಿಮೆಯಾದೀತು. ಇಡೀ ದಿನ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಮಣ್ಣು ಜಿಗುಟಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಮರಳು ಬೆರೆಸಿ ದಿಣ್ಣೆ ಮಾಡಬೇಕು, ಇಲ್ಲವಾದರೆ ಆಷಾಢದ ಮಳೆಗೆ ಬೇರು ಕೊಳೆಯುತ್ತದೆ. ಮೂರು-ನಾಲ್ಕು ಗೆಣ್ಣುಗಳ ತುಂಡನ್ನು ಎರಡು ಗೆಣ್ಣು ಮಣ್ಣಿನಡಿ ಇರುವಂತೆ ಅಡ್ಡಲಾಗಿ ಹೂಳಿದರೆ ಸಾಕು. ಬೇರು ಹಿಡಿಯುವವರೆಗೆ ನೀರುಣಿಸಿ, ಅನಂತರ ಕ್ರಮೇಣ ನಿಲ್ಲಿಸಬಹುದು. ಬೀಜದಿಂದ ಬೆಳೆಸುವುದಾದರೆ ಅದರ ಗಟ್ಟಿ ಸಿಪ್ಪೆಯನ್ನು ಒರಟು ಕಲ್ಲಿಗೆ ಉಜ್ಜಿ ಒಂದೆಡೆ ತೆಳುವಾಗಿಸಿ, ರಾತ್ರಿಯಿಡೀ ನೆನೆಹಾಕಿ, ಉಬ್ಬಿದವನ್ನು ಮಾತ್ರ ಬಿತ್ತಬೇಕು. ಹೂ ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ತನ್ನದೇ ಪರಾಗದಿಂದ ಕಾಯಿ ಕಟ್ಟುವ ಬಳ್ಳಿ ಇದಲ್ಲವಾದುದರಿಂದ, ಬೀಜ ಬೇಕೆನ್ನುವವರು ಎರಡು ಬೇರೆ ಬೇರೆ ಬಳ್ಳಿಗಳ ತುಂಡುಗಳನ್ನು ನೆಡುವುದು ಲೇಸು. ಕಿರಿದಾದ ಅಂಗಳಕ್ಕೆ ಇದು ಒಗ್ಗದು. ಹತ್ತು ಮೀಟರ್ ದಾಟಿ ಓಡುವ ಬಳ್ಳಿ ನೆರೆಯವರ ಪಾಗಾರವನ್ನು ಲೆಕ್ಕಿಸುವುದಿಲ್ಲ. ಘಟ್ಟದ ಮೇಲಿನವರು ಅಗಲವಾದ ಕುಂಡದಲ್ಲಿ ಬೆಳೆಸಬಹುದು, ಇದಕ್ಕೆ ಉಪ್ಪು ಅನಿವಾರ್ಯವಲ್ಲ.

ಅಂಬಲಿಮೀನು ಕುಟುಕಿದ ಜಾಗಕ್ಕೆ ಈ ಎಲೆಯನ್ನು ಹಚ್ಚುವ ರೂಢಿ ಥಾಯ್ಲೆಂಡಿನಲ್ಲಿದೆ. ಆಸ್ಟ್ರೇಲಿಯದ ಮೂಲನಿವಾಸಿಗಳು ಎಲೆಯನ್ನು ಬಿಸಿ ಮಾಡಿ ನೋವಿಗೆ ಬಳಸುತ್ತಾರೆ. ಅಂಗಳದಲ್ಲಿ ಬೆಳೆಯಿತೆಂದು ಹೊಟ್ಟೆಗೆ ಸೇವಿಸುವುದು ಮಾತ್ರ ಸಲ್ಲದು.

ಉಳ್ಳಾಲ, ಮರವಂತೆ ಮೊದಲಾದೆಡೆ ಕಡಲ್ಕೊರೆತವನ್ನು ತಡೆಯಲು ಬಂಡೆಗಲ್ಲುಗಳನ್ನು ಪೇರಿಸಲಾಗಿದೆ. ಕಲ್ಲು ಬಿದ್ದಲ್ಲಿ ಹೊಯಿಗೆಯಿಲ್ಲ, ಹೊಯಿಗೆಯಿಲ್ಲದಲ್ಲಿ ಅಡುಂಬಿಲ್ಲ. ಬಳ್ಳಿಯನ್ನು ಕಾಣದ ಮಕ್ಕಳ ಮಾತಿನಲ್ಲಿ ಅದರ ಹೆಸರು ಉಳಿಯುವ ಬಗೆಯೆಂತು? ಹಿತ್ತಿಲು ಮರಳದಿಬ್ಬದ ಕೆಲಸವನ್ನು ಮಾಡಲಾರದು. ಹೆಸರನ್ನೂ ಹೂವನ್ನೂ ಒಟ್ಟಿಗೆ ಇಟ್ಟುಕೊಳ್ಳಬಲ್ಲದು. 2011 ಮತ್ತು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಗಳು ಮರಳದಿಬ್ಬಗಳನ್ನು ಸೂಕ್ಷ್ಮ ಪ್ರದೇಶಗಳ ಸಾಲಿಗೆ ಸೇರಿಸಿವೆ. ಆದುದರಿಂದ ನೆಡುವ ತುಂಡುಗಳನ್ನು ದಿಬ್ಬದ ನಡುವಿನಿಂದ ಕೀಳಬಾರದು. ದೋಣಿ ಎಳೆಯುವ ದಾರಿಯಲ್ಲಿ ತುಳಿತಕ್ಕೆ ಸಿಕ್ಕಿ ಕಡಿದುಬಿದ್ದ ಬಳ್ಳಿಯಿಂದ ಆಯ್ದುಕೊಳ್ಳಬೇಕು.