ನಡುವಯಸ್ಸೂ ವಿಡಿಯೋ ಆಟವೂ

ಬಾಲ್ಯದ ಆಟವೊಂದು ನಮ್ಮನ್ನು ಬಿಟ್ಟುಹೋದ ದಿನವನ್ನು ಯಾರೂ ಗುರುತು ಹಾಕಿಟ್ಟುಕೊಳ್ಳುವುದಿಲ್ಲ. ನಾವು ಮಠದ ಪಾಠಶಾಲೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಕಾಲದಲ್ಲಿ ಅಂಗಳದ ಚಪ್ಪಡಿಗಲ್ಲಿನ ಮೇಲೆ ಹುಲಿ-ಕುರಿಯಾಟದ ಮನೆಗಳನ್ನು ಯಾರೋ ಹಿಂದಿನವರು ಕೊರೆದಿಟ್ಟಿದ್ದರು. ವ್ಯಾಕರಣದ ಸೂತ್ರಗಳು ಬಾಯಿಗೆ ಬಾರದಿದ್ದರೂ ಹುಲಿಯನ್ನು ಕಟ್ಟಿಹಾಕುವ ಉಪಾಯಗಳು ನಮಗೆ ಕಂಠಸ್ಥವಾಗಿದ್ದವು. ಆ ಕಲ್ಲಿನ ಮುಂದೆ ಕಡೆಯ ಬಾರಿ ಕುಳಿತದ್ದು ಎಂದು? ನೆನಪಿಲ್ಲ. ಕಳೆದುಕೊಂಡೆವೆಂದು ಮರುಗಿದ್ದೂ ಇಲ್ಲ. ಆದುದರಿಂದಲೇ ಕಳೆದ ವರ್ಷ ಹುಬ್ಬಳ್ಳಿಯ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಮುಗಿಸಿ ಕುಳಿತಿದ್ದಾಗ ಅವರು ಆಡಿದ ಮಾತು ನಮಗೆ ಮೊದಲು ವಿಚಿತ್ರವೆನಿಸಿತು.

ಅವರಿಗೆ ನಲವತ್ತೆರಡರ ಪ್ರಾಯ. ಕಾಳುಕಡಿಯ ವ್ಯಾಪಾರ, ಪಾರ್ಶ್ವವಾಯು ತಗುಲಿ ಮಲಗಿದ ತಂದೆ, ಹನ್ನೊಂದು ವರ್ಷದ ಮಗಳು, ತೀರದ ಮನೆಸಾಲ. ಇವುಗಳ ನಡುವೆ ಐವತ್ತು ಸಾವಿರ ರೂಪಾಯಿ ಕೊಟ್ಟು ತಮಗಾಗಿಯೇ ಒಂದು ವಿಡಿಯೋ ಆಟದ ಯಂತ್ರವನ್ನು ತಂದಿದ್ದರು. ಅದು ದೂರದರ್ಶನದ ಕೆಳಗೆ ಧೂಳು ಹಿಡಿದು ಕುಳಿತಿತ್ತು.

“ಗುರುಗಳ್ರೀ, ಸಣ್ಣವನಿದ್ದಾಗ ಇದಕ್ಕ ಊಟಾ ಬಿಡತಿದ್ದೆ. ಈಗ ರೊಕ್ಕ ಅದ, ಯಂತ್ರ ಅದ. ಹಚ್ಚಿದ ಹತ್ತು ನಿಮಿಷಕ್ಕ ಮನಸ್ಸು ಏಳತದ. ನನ್ನೊಳಗ ಏನೋ ಸತ್ತಂಗ ಆಗೇದ” ಎಂದರು.

ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಅವರ ಕಣ್ಣಲ್ಲಿ ನಗುವಿರಲಿಲ್ಲ. ಈ ವಿಷಯದಲ್ಲಿ ನಮ್ಮದು ಅಲ್ಪಜ್ಞಾನ. ಅವರಿಂದಲೇ ಕೇಳಿ, ಬಳಿಕ ಓದಿ ತಿಳಿದದ್ದನ್ನು ವಾಚಕರ ಮುಂದಿಡುತ್ತೇವೆ.

ಜಪಾನಿನ ನಿಂಟೆಂಡೊ ಸಂಸ್ಥೆಯು ಮನೆಯ ದೂರದರ್ಶನಕ್ಕೆ ಜೋಡಿಸಿ ಆಡುವ ತನ್ನ ‘ಫ್ಯಾಮಿಲಿ ಕಂಪ್ಯೂಟರ್’ ಯಂತ್ರವನ್ನು 1983ರಲ್ಲಿ ಹೊರತಂದಿತು. ಅದರ ಅನುಕರಣೆಯ ಅಗ್ಗದ ಯಂತ್ರಗಳು 1990ರ ದಶಕದಲ್ಲಿ ನಮ್ಮ ನಾಡಿನ ಪೇಟೆಗಳಿಗೂ ಬಂದವು. ಮಕ್ಕಳು ಅದರ ಬಿಲ್ಲೆಯನ್ನು ಕ್ಯಾಸೆಟ್ ಎನ್ನುತ್ತಿದ್ದರು. ಮೇಲೆ ‘9999 ಆಟಗಳು’ ಎಂದು ಅಚ್ಚಾಗಿದ್ದರೂ ಒಳಗೆ ಕೆಲವೇ ಆಟಗಳು ಹೆಸರು ಬದಲಿಸಿಕೊಂಡು ಮರಳಿ ಮರಳಿ ಬರುತ್ತಿದ್ದುವಂತೆ! ಅವುಗಳಲ್ಲಿ ಪ್ರಸಿದ್ಧವಾದದ್ದು 1985ರ ‘ಸೂಪರ್ ಮಾರಿಯೋ ಬ್ರದರ್ಸ್’. ಎಂಟು ಲೋಕಗಳು, ಲೋಕಕ್ಕೆ ನಾಲ್ಕು ಹಂತ, ಒಟ್ಟು 32. ಆಟವನ್ನು ನಡುವೆ ಉಳಿಸಿಡುವ ಸೌಕರ್ಯವಿರಲಿಲ್ಲ. ಏಳನೆಯ ಲೋಕದಲ್ಲಿರುವಾಗ ವಿದ್ಯುತ್ತು ಹೋದರೆ ಮೊದಲ ಲೋಕದಿಂದಲೇ ಮತ್ತೆ ಆರಂಭ. ಹುಡುಗನಿಗೆ ಅದು ಕಷ್ಟವೆನಿಸುತ್ತಿರಲಿಲ್ಲ, ಬೇಸಗೆಯ ಮಧ್ಯಾಹ್ನ ಅವನ ಮುಂದೆ ಉದ್ದಕ್ಕೆ ಬಿದ್ದಿರುತ್ತಿತ್ತು.

ಇಂದಿನ ಆಟಗಳಲ್ಲಿ ಬೇಕಾದಲ್ಲಿ ನಿಲ್ಲಿಸಬಹುದು, ಉಳಿಸಿಡಬಹುದು. ಆದರೆ ಅವುಗಳ ವಿಸ್ತಾರವೇ ಬೇರೆ. ಪೋಲೆಂಡಿನವರು 2015ರಲ್ಲಿ ಹೊರತಂದ ‘ದಿ ವಿಚರ್ 3’ ಎಂಬ ಆಟದ ಮುಖ್ಯ ಕಥೆಯನ್ನಷ್ಟೇ ಮುಗಿಸಲು ಸುಮಾರು 50 ಗಂಟೆ ಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಸಿಗುವ ಗೃಹಸ್ಥನಿಗೆ ಅದು ಐದು ತಿಂಗಳ ಕೆಲಸ. ಎಂಟು ದಿನ ಬಿಟ್ಟು ಕುಳಿತರೆ ಯಾವ ಗುಂಡಿ ಯಾವುದಕ್ಕೆ, ಯಾವ ಊರಿನಲ್ಲಿ ಯಾರನ್ನು ಕಾಣಬೇಕಾಗಿತ್ತು ಎಂಬುದೇ ಮರೆತಿರುತ್ತದೆ. ಮರೆತದ್ದನ್ನು ಕಲಿಯುವುದರೊಳಗೆ ಒಳಗಿನಿಂದ ತಂದೆಯ ಕರೆ. ಅವರ ಕಥೆ ಇದೇ ಆಗಿತ್ತು.

ಕೈಯ ಚುರುಕಿನ ಮಾತೂ ಇದೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ‘ಸ್ಟಾರ್‌ಕ್ರಾಫ್ಟ್ 2’ ಎಂಬ ಯುದ್ಧತಂತ್ರದ ಆಟವನ್ನಾಡುವ, 16ರಿಂದ 44 ವರ್ಷದೊಳಗಿನ 3,305 ಮಂದಿಯ ಆಟದ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸ ದೃಶ್ಯ ಕಣ್ಣಿಗೆ ಬಿದ್ದ ಮೇಲೆ ಕೈ ಚಲಿಸುವ ವೇಗವು ಸುಮಾರು 24ನೆಯ ವಯಸ್ಸಿನಿಂದಲೇ ಕುಗ್ಗತೊಡಗುತ್ತದೆಯಂತೆ. ಇದನ್ನು ಹೇಳಿದಾಗ ಅವರಿಗೆ ಇನ್ನಷ್ಟು ಖೇದವಾಯಿತು. ಹೇಳಬಾರದಿತ್ತೇನೋ. ಆದರೆ ಹಿರಿಯ ಆಟಗಾರರು ಸುಲಭದ ಉಪಾಯಗಳಿಂದ ಆ ಕೊರತೆಯನ್ನು ತುಂಬಿಕೊಳ್ಳುವ ಸೂಚನೆಯೂ ಅದೇ ಅಧ್ಯಯನದಲ್ಲಿದೆ. ಆದುದರಿಂದ ವಯಸ್ಸೊಂದೇ ಕಾರಣವೆಂದು ನಾವು ಒಪ್ಪಲಾರೆವು.

ಆಟ ತಯಾರಿಸುವವರಿಗೇ ಈ ಸಂಗತಿ ತಿಳಿದಿತ್ತು. ನಿಂಟೆಂಡೊದ ಅಧ್ಯಕ್ಷರಾಗಿದ್ದ ಸತೋರು ಇವಾಟಾ ಅವರು (2015ರಲ್ಲಿ ನಿಧನರಾದರು) ಜನ ಆಟದಿಂದ ದೂರ ಸರಿಯುತ್ತಿರುವುದನ್ನು ಗಮನಿಸಿ, ಬಿಡುವಿಲ್ಲದ ವಯಸ್ಕರನ್ನೂ ಆಟಕ್ಕೆ ಕರೆತರಲು ಯತ್ನಿಸಿದರು. ತೊಹೊಕು ವಿಶ್ವವಿದ್ಯಾಲಯದ ರ‍್ಯೂತಾ ಕವಾಶಿಮಾ ಅವರ ಕೃತಿಯನ್ನು ಆಧರಿಸಿ 2005ರಲ್ಲಿ ಬಂದ ಬುದ್ಧಿಯ ವ್ಯಾಯಾಮದ ಆಟಕ್ಕೆ ದಿನಕ್ಕೆ ಕೆಲವೇ ನಿಮಿಷ ಸಾಕು; ಚಿಕ್ಕ ಲೆಕ್ಕ, ಗಟ್ಟಿಯಾಗಿ ಓದುವುದು, ಇಷ್ಟೇ. 2006ರ ‘ವೀ’ ಯಂತ್ರವನ್ನು ಅಜ್ಜ-ಅಜ್ಜಿಯರೂ ಕೈಬೀಸಿ ಆಡಿದರು. ಅದು ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅಂದಮೇಲೆ ನಮ್ಮ ಭಕ್ತರೊಳಗೆ ಸತ್ತಿರುವುದು ಆಸಕ್ತಿಯಲ್ಲ, ಅಖಂಡವಾದ ಕಾಲ ಮಾತ್ರ ಎಂದೇ ನಮ್ಮ ಎಣಿಕೆ.

ಆಟ ಬಿಡಲಾರದೆ ನರಳುವವರ ಕಡೆಗೂ ಒಮ್ಮೆ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಗೀಳಿಗೆ ಸಿಕ್ಕವರಿಗಾಗಿ 2014ರಲ್ಲಿಯೇ ‘ಶಟ್’ ಚಿಕಿತ್ಸಾಲಯವನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಆಟದ ಗೀಳೂ ಸೇರಿದೆ. ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಂದಾಗುವುದು ಅದರ ಲಕ್ಷಣಗಳು. ಇದನ್ನು ಹೇಳಿ “ನಿಮಗೆ ಆ ಭಯವಿಲ್ಲ” ಎಂದೆವು. ಸಮಾಧಾನದ ಮಾತಾದೀತೆಂದು ಭಾವಿಸಿದ್ದೆವು.

ಅಷ್ಟರಲ್ಲಿ, ತಟ್ಟೆಗಳನ್ನು ಒಳಗಿಟ್ಟು ಬಂದು ಬಾಗಿಲ ಬಳಿ ನಿಂತಿದ್ದ ಅವರ ಪತ್ನಿ ಮೆಲ್ಲಗೆ ಹೇಳಿದರು: “ಆಟ ಹೋತಂತ ಇವರು ಮರುಗತಾರ್ರೀ. ನನ್ನ ಕೈಯಾಗ ಆಟ ಬಂದದ್ದರ ಯಾವಾಗ? ಅಣ್ಣಗೋಳು ಆಡತಿದ್ರು, ನಾ ಹಿಂದ ನಿಂತು ನೋಡತಿದ್ದೆ. ಅವ್ವ ರೊಟ್ಟಿ ಬಡಿಯಾಕ ಕರೀತಿದ್ದಳು.”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹೊಣೆ ಬಂದಾಗ ಆಟ ಬಿಡುತ್ತದೆಂದು ಲೇಖನ ಬರೆಯುವ ನಾವು, ಹೊಣೆ ಯಾರಿಗೆ ಎಷ್ಟನೆಯ ವಯಸ್ಸಿಗೆ ಬರುತ್ತದೆಂದು ಕೇಳಿಯೇ ಇರಲಿಲ್ಲ. ಮಠದ ಅಂಗಳದ ಆ ಕಲ್ಲಿನ ಮುಂದೆಯೂ ಕುಳಿತವರೆಲ್ಲ ಗಂಡುಹುಡುಗರೇ. ಯಜಮಾನರು ತಲೆ ತಗ್ಗಿಸಿದರು. ಮಾತು ಮಳೆ-ಬೆಳೆಯ ಕಡೆಗೆ ಹೊರಳಿತು.

ಎರಡು ತಿಂಗಳ ತರುವಾಯ ತಂದೆಯವರ ಆರೋಗ್ಯ ತಿಳಿಸಲು ಅವರೇ ದೂರವಾಣಿ ಮಾಡಿದ್ದರು. ಹಿರಿಯರು ಕೋಲು ಹಿಡಿದು ಹಿತ್ತಲವರೆಗೆ ನಡೆಯುತ್ತಿದ್ದರಂತೆ. ಆ ಯಂತ್ರವೇನಾಯಿತೆಂದು ವಿಚಾರಿಸಿದೆವು. ಮಾರಿದ್ದಾರೆಂದೇ ನಮ್ಮ ಊಹೆ.

“ಇಲ್ರೀ ಗುರುಗಳ, ಅದಾ. ಮಗಳ ಕಾರಿನ ಓಟದ ಆಟ ಒಂದ ಅದ. ಮೊನ್ನೆ ರಾತ್ರಿ ನಮ್ಮ ಮನಿಯಾಕಿ ಯಾವ ಗುಂಡಿ ಒತ್ತಬೇಕಂತ ಮಗಳನ್ನ ಕೇಳಿ ಕುಂತಳು. ಹನ್ನೊಂದು ಹೊಡೀತು, ಏಳಲೇ ಇಲ್ಲ. ಅಪ್ಪಗ ಗುಳಿಗಿ ನಾನಽ ಕೊಟ್ಟು ಬಂದೆ” ಎಂದರು.